ಭಾವನ ಮೂರು ಮಣೆಗಳು

ಆ ಕ್ಲಬ್ಬಿನಲ್ಲಿ ಅವನಿಗೆ ‘ಕೆಳಮನೆಯವರು’ ಎಂದು ಹೆಸರು ಬಿದ್ದಿತ್ತು. ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬದ ತುದಿಯಲ್ಲಿ ನೇತಾಡಿದವನು, ಇಲ್ಲಿ ಮಾತ್ರ ಯಾವಾಗಲೂ ಮೇಜಿನ ಕೆಳಗೆ. ಆಟಿಕೆ ರೈಲಿನ ಕ್ಲಬ್ಬು ಎಂದರೆ ಅಲ್ಲಿನ ಸದಸ್ಯರಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಮಾದರಿ ರೈಲು ಎನ್ನಬೇಕು. ಮುಚ್ಚಿಹೋದ ಅಚ್ಚುಕೂಟವೊಂದರ ಮೇಲ್ಮಹಡಿ ಅವರ ಜಾಗ. ಕೆಳಗಿನ ಯಂತ್ರಗಳನ್ನು ಸಾಗಿಸಿ ಎಷ್ಟೋ ವರ್ಷವಾಗಿದ್ದರೂ ಮೆಟ್ಟಿಲ ಗೋಡೆಗೆ ಕೈ ತಾಗಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು.

ಪ್ರತಿ ಸದಸ್ಯನೂ ಮನೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲದ ಮರದ ಚೌಕಟ್ಟು ಮಾಡಿ, ಅದರ ಮೇಲೆ ಹಳಿ ಹಾಸಿ, ಗುಡ್ಡವೋ ಸೇತುವೆಯೋ ಊರೋ ತನಗೆ ತೋಚಿದ್ದನ್ನು ಕಟ್ಟಿ ತರುತ್ತಿದ್ದ. ವರ್ಷಕ್ಕೊಮ್ಮೆ ಪ್ರದರ್ಶನದ ದಿನ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಅರವತ್ತು ಅಡಿಯ ರೈಲುದಾರಿ ತಯಾರು. ಆ ಚೌಕಟ್ಟಿನ ಸರಿಯಾದ ಹೆಸರು ಮಾಡ್ಯೂಲ್. ಆದರೆ ಯಾವ ಕಾಲದಲ್ಲೋ ಯಾರೋ ತಮಾಷೆಗೆ ಮಣೆ ಎಂದಿದ್ದು ಹಾಗೆಯೇ ಅಂಟಿಕೊಂಡಿತ್ತು.

ಯಾರ ಮಣೆಯ ಪಕ್ಕ ಯಾರದು ಬರುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೇ ಒಂದು ಕಟ್ಟುನಿಟ್ಟು ಇತ್ತು: ನೋಡುವವರ ಕಡೆಗಿರುವ ಹಳಿಗೆ ಕೆಂಪು ವೈರು, ಹಿಂದಿನ ಹಳಿಗೆ ಕಪ್ಪು. ಮಣೆಯ ಎರಡು ತುದಿಗೂ ಒಂದೊಂದು ಪ್ಲಗ್ಗು. ಪಕ್ಕದ ಮಣೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟು ಆಚೆಗೆ ಹರಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ವೈರಿಂಗ್ ಮಾಡುವುದು ಮಣೆಯನ್ನು ಬೋರಲು ಹಾಕಿಕೊಂಡು. ಬೋರಲು ಹಾಕಿದ ಕ್ಷಣದಲ್ಲೇ ಮುಂದಿನ ಹಳಿ ಹಿಂದಕ್ಕೆ ಹೋಗಿಬಿಡುತ್ತದೆ. ನಕ್ಷೆಯಲ್ಲಿ ‘ಮುಂದೆ ಕೆಂಪು’ ಎಂದಿರುತ್ತದೆ, ಕೂತವನ ಮುಂದೆ ಇರುವುದು ಹಿಂದಿನ ಹಳಿ. ಹೊಸಬರೆಲ್ಲ ಒಮ್ಮೆಯಾದರೂ ಇಲ್ಲಿ ಮುಗ್ಗರಿಸಿದವರೇ. ಲೈನ್‌ಮನ್ ಅಂಥವರಿಗೆ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. “ಉಲ್ಟಾ ಆಗಿದೆ, ಬಿಚ್ಚಿ ಹಾಕಿ” ಎನ್ನುವುದು ಅವನ ಮಾಮೂಲಿ ಮಾತು. ಬೇಕರಿ ನಡೆಸುವ ಸದಸ್ಯನೊಬ್ಬನಿಗೆ ಎರಡು ಸಲ ಹೇಳಿದ್ದ. ಎಲ್ಲರಿಗೂ ಹೇಳಿದವನು ಒಬ್ಬರಿಗೆ ಮಾತ್ರ ಹೇಳಲಿಲ್ಲ. ಅವರು ಅವನ ಭಾವ, ಅಕ್ಕನ ಗಂಡ.

ಭಾವ ಮರದ ಕಾರ್ಖಾನೆಯೊಂದರಲ್ಲಿ ಬಡಗಿ. ಬಾಗಿಲು, ಕಿಟಕಿಯ ಕೆಲಸವೆಂದರೆ ಗಿರಾಕಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದರು. ಒಂದು ದಿನ ಗರಗಸದ ಮಷೀನಿಗೆ ಬಲಗೈಯ ಎರಡು ಬೆರಳು ಹೋದವು. ಗಾಯ ಮಾಗಿತು, ಅವರು ಮಾತ್ರ ಚೇತರಿಸಿಕೊಳ್ಳಲಿಲ್ಲ. ಕಾರ್ಖಾನೆಗೆ ಹೋಗುವುದನ್ನು ನಿಲ್ಲಿಸಿ, ಮನೆಯ ನಡುಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ತಾಯಿ ಸತ್ತ ಮೇಲೆ ಲೈನ್‌ಮನ್‌ನನ್ನು ಸಾಕಿದವಳು ಅಕ್ಕನೇ. ಅವನು ಮದುವೆಯಾಗಲಿಲ್ಲ. ಸೈಕಲ್ ಅಂಗಡಿಯ ಮೇಲೆ ಒಂದು ರೂಮು, ಭಾನುವಾರದ ಊಟಕ್ಕೆ ಅಕ್ಕನ ಮನೆ, ಅವನ ಸಂಸಾರ ಅಷ್ಟೇ. ಅಂಥ ಒಂದು ಭಾನುವಾರ ಅಕ್ಕ ಅವನನ್ನು ಅಡುಗೆಮನೆಗೆ ಕರೆದಳು.

“ಇವರು ಬೆಳಗ್ಗೆಯಿಂದ ಸಂಜೆವರೆಗೆ ಗೋಡೆ ನೋಡ್ತಾ ಕೂತಿರ್ತಾರೆ ಕಣೋ. ಮಾತಾಡ್ಸಿದ್ರೂ ಹೂಂ, ಬೈದ್ರೂ ಹೂಂ. ನಿನ್ನ ಆ ರೈಲು ಕ್ಲಬ್ಬಿಗಾದ್ರೂ ಕರ್ಕೊಂಡು ಹೋಗು.”

“ಅಲ್ಲಿ ಬರೀ ಹರಟೆ ಅಕ್ಕ.”

“ಹರಟೆ ಆದ್ರೂ ಆಗ್ಲಿ. ಗೋಡೆಗಿಂತ ವಾಸಿ.”

ಕರೆದುಕೊಂಡು ಹೋದ. ಭಾವ ಹಾಲಿನ ತುಂಬ ಒಂದು ಸುತ್ತು ಹಾಕಿ, ರೈಲುಗಳ ಕಡೆ ತಿರುಗಿಯೂ ನೋಡದೆ, ಒಂದು ಮಣೆಯ ಮೂಲೆಗೆ ಬಗ್ಗಿ ನಿಂತರು. “ಇದ್ಯಾರಪ್ಪ ಮೊಳೆ ಹೊಡೆದು ಮೂಲೆ ಕೂಡಿಸಿರೋದು? ನಾಯಿಗೂಡಿಗೂ ಹೀಗೆ ಮಾಡಲ್ಲ.”

“ನಾಯಿ ದೂರು ಕೊಟ್ಟಿಲ್ವಲ್ಲ ಬಿಡಿ,” ಎಂದ ಬೇಕರಿಯವನು. ಮಣೆ ಅವನದೇ.

ಭಾವ ನಕ್ಕರು. ನಾಲ್ಕು ತಿಂಗಳ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮುಂದಿನ ಎಂಟು ತಿಂಗಳಲ್ಲಿ ಅವರು ಮೂರು ಮಣೆ ಮಾಡಿದರು. ಮೊದಲನೆಯದರಲ್ಲಿ ಮರ ಕೊಯ್ಯುವ ಮಿಲ್ಲು, ಎರಡನೆಯದರಲ್ಲಿ ಸಣ್ಣದೊಂದು ಸ್ಟೇಷನ್ನು, ಮೂರನೆಯದರಲ್ಲಿ ಸರಕಿನ ಶೆಡ್ಡು. ಎಂಟು ಬೆರಳಲ್ಲಿ ಬೆಂಕಿಕಡ್ಡಿಗಿಂತ ಸಪೂರವಾದ ಕಿಟಕಿ ಚೌಕಟ್ಟು ಮಾಡಿ, ಅದಕ್ಕೆ ಕದ ಕೂರಿಸಿ, ಕದ ತೆರೆದು ಮುಚ್ಚುವಂತೆ ಮಾಡಿದರು. ವೈರಿಂಗ್ ಮಾಡಿಕೊಡಲೇ ಎಂದು ಲೈನ್‌ಮನ್ ಕೇಳಿದಾಗ ಬೇಡವೆಂದು ಕೈಯಲ್ಲಾಡಿಸಿಬಿಟ್ಟರು. “ನಿಮ್ಮ ಇಲಾಖೆಯವರ ಸಹಾಯ ಬೇಡಪ್ಪ. ಪುಸ್ತಕ ಇದೆ, ನಕ್ಷೆ ಇದೆ. ನಾನೇ ಮಾಡ್ತೀನಿ.”

ಮೊದಲ ಪ್ರದರ್ಶನ ಒಂದು ಶಾಲೆಯ ಸಭಾಂಗಣದಲ್ಲಿತ್ತು. ಭಾವ ಅತಿಥಿಗಳನ್ನು ಕರೆತರಲು ಹೊರಗೆ ಹೋಗಿದ್ದರು. ಲೈನ್‌ಮನ್ ಪ್ಲಗ್ಗುಗಳನ್ನು ಸಿಕ್ಕಿಸಿ, ಪರೀಕ್ಷೆಗೆಂದು ಒಂದು ಎಂಜಿನ್ ಬಿಟ್ಟ. ಎಂಜಿನ್ ಬಂದು ಭಾವನ ಮೊದಲ ಮಣೆಯ ಸಂದಿಗೆ ಚಕ್ರ ಇಟ್ಟಿತು. ಟಿಕ್ ಎಂದಿತು. ಶಾರ್ಟ್ ಆಗಿ ಇಡೀ ದಾರಿಯಲ್ಲಿ ಕರೆಂಟು ಹೋಯಿತು. ಅವನು ಕೆಳಗೆ ನುಸುಳಿ ಮೀಟರ್ ಇಟ್ಟು ನೋಡಿದ. ಮೂರೂ ಉಲ್ಟಾ. ಬೋರಲು ಹಾಕಿಕೊಂಡು ಮಾಡುವಾಗ ಎಲ್ಲರೂ ಮಾಡುವ ತಪ್ಪೇ. ಆದರೆ ಮಾಡಿದ ರೀತಿ ಬೇರೆ. ವೈರುಗಳನ್ನು ಮೇಣದ ದಾರದಿಂದ ಎರಡೆರಡು ಇಂಚಿಗೆ ಗಂಟು ಹಾಕಿ, ಸ್ಕೇಲಿಟ್ಟು ಗೀಚಿದಂತೆ ಕೂರಿಸಿದ್ದರು. ಇಲಾಖೆಯ ಎಕ್ಸ್‌ಚೇಂಜಿನಲ್ಲೂ ಅಂಥ ಕೆಲಸವನ್ನು ಅವನು ಕಂಡಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಭಾವ. ಇಸ್ತ್ರಿ ಮಾಡಿದ ಅಂಗಿ, ಹಿಂದೆ ಅಕ್ಕ, ಅಕ್ಕನ ಹಿಂದೆ ಭಾವನ ಹಳೆಯ ಕಾರ್ಖಾನೆಯ ಮಾಲೀಕ. ಬೆರಳು ಹೋದ ಮೇಲೆ ಅವನ ಮುಖ ನೋಡಲು ಒಲ್ಲದಿದ್ದ ಭಾವ ತಾವೇ ಹೋಗಿ ಕರೆದುಕೊಂಡು ಬಂದಿದ್ದರು.

“ಏನಯ್ಯಾ, ಓಡುತ್ತಾ?”

ಲೈನ್‌ಮನ್ ಮೇಜಿನ ಕೆಳಗಿನಿಂದಲೇ ಅವರ ಮುಖ ನೋಡಿದ. ಬಾಯಿಗೆ ಬಂದ ಮಾತು ನುಂಗಿದ. “ಓಡುತ್ತೆ ಭಾವ. ಐದು ನಿಮಿಷ ಕೊಡಿ. ಅಷ್ಟರಲ್ಲಿ ಅವರಿಗೆ ಟೀ ಕುಡಿಸ್ಕೊಂಡು ಬನ್ನಿ.”

ಆ ಐದು ನಿಮಿಷದಲ್ಲಿ ಅವನು ಗೇಣುದ್ದದ ಎರಡು ಕೇಬಲ್ ಮಾಡಿದ. ಒಂದು ತುದಿಯಲ್ಲಿ ಕೆಂಪು ಇದ್ದಲ್ಲಿ ಇನ್ನೊಂದು ತುದಿಯಲ್ಲಿ ಕಪ್ಪು. ಮೇಲೆ ಕಪ್ಪು ಟೇಪು ಸುತ್ತಿದ. ಭಾವನ ಮೂರು ಮಣೆಗಳ ಈ ತುದಿಗೊಂದು, ಆ ತುದಿಗೊಂದು ಸಿಕ್ಕಿಸಿದರೆ ಉಲ್ಟಾ ಆದದ್ದು ಸರಿಯಾಗುತ್ತದೆ. ರೈಲು ಮಿಲ್ಲಿನ ಮುಂದೆ ಹಾದು, ಸ್ಟೇಷನ್ನಿನಲ್ಲಿ ನಿಂತು, ಶೆಡ್ಡು ದಾಟಿ ಹೋಯಿತು. ಭಾವ ಸಂಜೆಯವರೆಗೂ ಗುರುತಿಲ್ಲದ ಜನರಿಗೆಲ್ಲ ಕಿಟಕಿಯ ಕದ ತೆಗೆದು ತೋರಿಸಿದರು. ನಾಳೆ ಹೇಳಿದರಾಯಿತು ಎಂದುಕೊಂಡ ಲೈನ್‌ಮನ್.

ಮಾರನೆಯ ದಿನ ಹೋದರೆ ಅಕ್ಕ ಬಾಗಿಲಲ್ಲೇ ಹಿಡಿದುಕೊಂಡಳು. “ನಿನ್ನೆ ಎರಡು ಸಲ ಬಡಿಸ್ಕೊಂಡು ಊಟ ಮಾಡಿದ್ರು ಕಣೋ,” ಎನ್ನುವಾಗ ಅವಳ ಕಣ್ಣು ತುಂಬಿತ್ತು. ಅವತ್ತು ಹೇಳುವುದು ಹೇಗೆ? ಮುಂದಿನ ವಾರ ಹೇಳೋಣವೆಂದರೆ ಭಾವ ಮತ್ತೆ ಕಾರ್ಖಾನೆಗೆ ಹೋಗಲು ಶುರುಮಾಡಿದ್ದರು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಹುಡುಕಬೇಕಾಯಿತು. ಹೀಗೆ ಹತ್ತೊಂಬತ್ತು ವರ್ಷ.

ಅಷ್ಟೂ ಪ್ರದರ್ಶನಗಳಲ್ಲಿ ಅವನು ಆ ಎರಡು ಕೇಬಲ್ಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೋದ. ಎಲ್ಲರ ಕಣ್ಣು ತಪ್ಪಿಸಿ ಹಾಕಿದ, ಎಲ್ಲರ ಕಣ್ಣು ತಪ್ಪಿಸಿ ತೆಗೆದ. ಭಾವ ಪಕ್ಕದಲ್ಲಿ ಬಂದು ನಿಂತರೆ ಅವನಿಗೆ ಬೆವರು. ಕೆಲವು ಸಲ ಅವರು ಮಂಡಿಯೂರಿ ಕೂತೇಬಿಡುತ್ತಿದ್ದರು.

“ಇವತ್ತು ನನ್ನ ಮಣೆ ಪ್ಲಗ್ಗು ನಾನೇ ಹಾಕ್ತೀನಿ, ಸ್ವಲ್ಪ ಆ ಕಡೆ ಸರಿ.”

“ಬೇಡ ಭಾವ, ನಿಮ್ಮ ಬೆನ್ನಿಗೆ ಕಷ್ಟ.”

“ನನ್ನ ಬೆನ್ನಿಗೇನಾಗಿದೆ?”

“ಏನೂ ಆಗ್ದೇ ಇರ್ಲಿ ಅಂತಾನೇ. ನೀವು ಮೇಲೆ ನೋಡ್ಕೊಳ್ಳಿ, ಕೆಳಗಿಂದು ನನಗೆ ಬಿಡಿ.”

ಭಾವ ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಸದ್ಯ ಹೋದರಲ್ಲ ಎಂದು ಲೈನ್‌ಮನ್ ಉಸಿರು ಬಿಡುತ್ತಿದ್ದ.

ಹೋದ ವರ್ಷ ಭಾವ ತೀರಿಕೊಂಡರು. ಬೆಳಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಕ್ಕ ಹೆಚ್ಚು ಅಳಲಿಲ್ಲ. ಆದರೆ ಮಣೆಗಳ ಮೇಲೆ ಬಿಳಿ ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಆ ಬಟ್ಟೆ ತೆಗೆದು, ಬಣ್ಣದ ಬ್ರಷ್ಷಿನಿಂದ ಮಿಲ್ಲಿನ ಮಾಡು ಗುಡಿಸಿ, ಮತ್ತೆ ಹೊದಿಸುತ್ತಿದ್ದಳು. ವರ್ಷ ತುಂಬುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಳು. ಮೂರೂ ಮಣೆ ಕ್ಲಬ್ಬಿಗೆ. ಪ್ರದರ್ಶನದಲ್ಲಿ ಪ್ರತಿ ವರ್ಷ ಅವು ನಟ್ಟನಡುವೆ ಇರಬೇಕು.

ಅದೇ ವರ್ಷ ಕ್ಲಬ್ಬಿಗೆ ಹೊಸ ಕಾರ್ಯದರ್ಶಿ ಬಂದರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಷ್ಟ್ರಮ್ಮ. ತುಂಬ ಅಚ್ಚುಕಟ್ಟಿನ ಹೆಂಗಸು. ಹಳೆಯ ಪವರ್ ಬಾಕ್ಸ್ ಹೋಗಿ ಹೊಸದು ಬಂದಿತ್ತು. ಅದರ ಜೊತೆಗೆ ಹೊಸ ನಿಯಮವೂ ಬಂತು: ಕ್ಲಬ್ಬಿಗೆ ಸೇರುವ ಪ್ರತಿ ಮಣೆಯನ್ನೂ ಒಂಟಿಯಾಗಿ ಮೀಟರ್ ಇಟ್ಟು ಪರೀಕ್ಷಿಸಬೇಕು, ಸರಿಯಿದ್ದರೆ ಹಸಿರು ಚೀಟಿ ಅಂಟಿಸಬೇಕು. ಲೈನ್‌ಮನ್ ನೋಟಿಸನ್ನು ಎರಡು ಸಲ ಓದಿದ. ಒಂಟಿಯಾಗಿ ನೋಡುವಾಗ ಕೇಬಲ್ಲಿಗೆ ಜಾಗವೇ ಇಲ್ಲ.

ಅವನು ಅಕ್ಕನ ಮನೆಗೆ ಓಡಿದ.

“ಅಕ್ಕ, ಮಣೆಗಳ್ನ ಎರಡು ದಿನ ನನ್ನ ರೂಮಿಗೆ ಒಯ್ತೀನಿ. ದೂಳು ಒರೆಸಿ, ಸ್ಕ್ರೂ ಗಿಕ್ರೂ ಬಿಗಿ ಮಾಡಿ ಕೊಡ್ತೀನಿ.”

“ದೂಳು ಒರೆಸೋಕೆ ನನಗೆ ಕೈಯಿಲ್ವಾ?”

“ಹಾಗಲ್ಲ, ಸಡಿಲ ಆಗಿದ್ರೆ…”

“ಅವರು ಮಾಡಿದ್ದು ಸಡಿಲ ಆಗೋದಾ? ಏನು ಮಾತಾಡ್ತೀಯಾ? ಅವರು ಇಟ್ಟ ಹಾಗೇ ಹೋಗ್ಲಿ. ಯಾರೂ ಮುಟ್ಟೋದು ಬೇಡ. ನಾನೇ ಬಂದು ಕೊಡ್ತೀನಿ.”

ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಕ್ಕ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಎರಡು ಬೆರಳಲ್ಲಿ ಹಿಂಡಿ, ಸ್ಟೇಷನ್ನಿನ ಗಡಿಯಾರದ ಮುಖ ಒರೆಸುತ್ತಿದ್ದಳು. ಅವನಿಗೆ ಜಗತ್ತಿನಲ್ಲಿ ಉಳಿದದ್ದು ಇವಳೊಬ್ಬಳೇ. ಅವಳಿಗೆ ಉಳಿದದ್ದು ಗಂಡನ ಕೈಕೆಲಸದ ಹೆಮ್ಮೆಯೊಂದೇ. ಬಾಯಿ ಮುಚ್ಚಿಕೊಂಡು ಬಂದ.

ಪರೀಕ್ಷೆಯ ದಿನ ಅಕ್ಕ ಸಾಮಾನು ಗಾಡಿಯಲ್ಲಿ ಮಣೆಗಳ ಜೊತೆಗೇ ಕೂತು ಬಂದಳು. ಹಾಲಿನಲ್ಲಿ ಕಾರ್ಯದರ್ಶಿ, ಬೇಕರಿಯವನು ಮತ್ತು ಲೈನ್‌ಮನ್ ಇದ್ದರು. ಅಕ್ಕನಿಗೆ ಕುರ್ಚಿ ಹಾಕಿದರು. ಕಾರ್ಯದರ್ಶಿ ಮೊದಲ ಮಣೆಯ ಕೆಳಗೆ ಬಗ್ಗಿ ನೋಡಿ, “ಅಬ್ಬ, ಎಂಥ ಕೆಲಸ! ನಮ್ಮ ಹುಡುಗರಿಗೆ ತೋರಿಸ್ಬೇಕು ಇದನ್ನ,” ಎಂದರು. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಆಮೇಲೆ ಮೀಟರ್ ಇಟ್ಟರು. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಇಟ್ಟರು. ಎರಡನೆಯ ಮಣೆಗೆ ಹೋದರು, ಮೂರನೆಯದಕ್ಕೂ ಹೋಗಿ ಬಂದರು.

“ಮೂರೂ ಉಲ್ಟಾ ಇವೆಯಲ್ಲ ಸರ್. ಮುಂದಿನ ಹಳಿಗೆ ಕಪ್ಪು ಬಂದಿದೆ. ಇಷ್ಟು ವರ್ಷ ಹೇಗೆ ಓಡ್ತಿದ್ವು?”

ಲೈನ್‌ಮನ್ ಅಕ್ಕನ ಕಡೆ ನೋಡಲಿಲ್ಲ. “ವೈರಿಂಗ್ ನಂದು ಮೇಡಂ. ಭಾವ ಮರದ ಕೆಲಸ ಮಾತ್ರ ಮಾಡಿದ್ರು. ಕೆಳಗಿಂದು ನಾನು ಮಾಡಿದ್ದು. ನಂದೇ ತಪ್ಪು.”

“ಯಾಕೋ ಸುಳ್ಳು ಹೇಳ್ತೀಯಾ?”

ಅಕ್ಕ ಎದ್ದು ನಿಂತಿದ್ದಳು. “ಮೇಡಂ, ಇದನ್ನ ಮಾಡಿದ್ದು ನಮ್ಮೆಜಮಾನ್ರು. ಪುಸ್ತಕದ ಸಣ್ಣ ಅಕ್ಷರ ಅವರಿಗೆ ಕಾಣ್ತಿರ್ಲಿಲ್ಲ. ನಾನು ಪಕ್ಕ ಕೂತು ಓದಿ ಹೇಳ್ದೆ. ಮುಂದಿನದಕ್ಕೆ ಕೆಂಪು ಅಂತ ಹೇಳ್ದೆ, ಅವರು ಮುಂದಿದ್ದದ್ದಕ್ಕೆ ಕೆಂಪು ಹಾಕಿದ್ರು. ಮಣೆ ಬೋರಲಾಗಿತ್ತು. ಅದು ನನಗೂ ಹೊಳೀಲಿಲ್ಲ, ಅವರಿಗೂ ಹೊಳೀಲಿಲ್ಲ.”

ಲೈನ್‌ಮನ್‌ಗೆ ಇದು ಹೊಸ ಸುದ್ದಿ. ಆ ಗಂಟುಗಳ ಪಕ್ಕದಲ್ಲಿ ಅಕ್ಕ ಕೂತಿದ್ದಳೆಂದು ಯಾರೂ ಅವನಿಗೆ ಹೇಳಿರಲಿಲ್ಲ.

“ಆಯ್ತು, ತಪ್ಪಾಗಿದೆ,” ಎಂದಳು ಅಕ್ಕ. “ಮೇಡಂ ಕೇಳಿದ್ದಕ್ಕೆ ಉತ್ತರ ಕೊಡು. ಇಷ್ಟು ವರ್ಷ ಹೇಗೆ ಓಡ್ತು?”

ಅವನು ಜೇಬಿಗೆ ಕೈ ಹಾಕಿ ಎರಡು ಕೇಬಲ್ ತೆಗೆದು ಮೇಜಿನ ಮೇಲಿಟ್ಟ. ಕಾರ್ಯದರ್ಶಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಅಕ್ಕನಿಗೆ ಬಿಡಿಸಿ ಹೇಳಬೇಕಾಯಿತು. ಹೇಳುತ್ತ ಹೋದಂತೆ ಅವನ ದನಿ ಸಣ್ಣದಾಗುತ್ತ ಬಂತು.

“ಯಾವತ್ತಿಂದ?”

“ಮೊದಲನೇ ಪ್ರದರ್ಶನದಿಂದ.”

“ಮೊದಲನೇ ದಿನಾನೇ ಗೊತ್ತಿತ್ತು ನಿನಗೆ?”

“ಹೂಂ.”

ಬೇಕರಿಯವನು ಕೆಳಗೆ ಏನೋ ಕೆಲಸವಿದೆ ಎಂದು ಹೇಳಿ ಮೆಟ್ಟಿಲಿಳಿದ. ಅಕ್ಕ ಮತ್ತೆ ಕೂತಳು.

“ಪ್ರತಿ ವರ್ಷ ಪ್ರದರ್ಶನ ಮುಗಿಸಿ ಮನೆಗೆ ಬಂದು ಅವರು ಏನು ಹೇಳ್ತಿದ್ರು ಗೊತ್ತಾ? ನಿನ್ನ ತಮ್ಮ ನನ್ನ ಮಣೆ ಕೆಳಗೆ ನನ್ನನ್ನೇ ಬಿಡಲ್ಲ ಕಣೇ. ಬಡಗಿ ಕೈಗೆ ಕರೆಂಟು ಕೊಡಬಾರದು ಅಂತ ಇರ್ಬೇಕು, ಅದೂ ಎರಡು ಬೆರಳಿಲ್ಲದ ಕೈ. ಹೀಗನ್ನೋರು. ನಾನು ನಿನ್ನ ಕಡೆ ಮಾತಾಡ್ತಿದ್ದೆ. ಅವನು ಅಂಥವನಲ್ಲ, ನಿಮ್ಮ ಬೆನ್ನಿಗೆ ಕಷ್ಟ ಆಗುತ್ತೆ ಅಂತ ಬಿಡಲ್ಲ ಅಂತ. ಒಂದೆರಡು ಸಲ ಜಗಳಾನೂ ಆಗಿದೆ ನಿನ್ನಿಂದ.”

ಲೈನ್‌ಮನ್ ಮೇಜಿನ ಅಂಚು ಹಿಡಿದುಕೊಂಡ. ಕಿಟಕಿಯ ಬಳಿ ಕೈಕಟ್ಟಿ ನಿಂತ ಭಾವನ ಬೆನ್ನನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಲ ನೋಡಿದ್ದ. ಒಮ್ಮೆಯೂ ಮುಖ ನೋಡಿರಲಿಲ್ಲ.

ಕಾರ್ಯದರ್ಶಿ ಸಮಾಧಾನದ ಮಾತಾಡಿದರು. “ದೊಡ್ಡ ವಿಷಯ ಏನಲ್ಲಮ್ಮ. ಮೂರೂ ಒಂದೇ ಥರ ಉಲ್ಟಾ ಆಗಿವೆ. ಗಂಟು ಬಿಚ್ಚೋದೂ ಬೇಡ. ಪ್ಲಗ್ಗಿನಲ್ಲಿ ಎರಡು ವೈರು ಅದಲುಬದಲು ಮಾಡಿದ್ರೆ ಸಾಕು. ಎಲ್ಲಾ ಸೇರಿ ಅರ್ಧ ಗಂಟೆ ಕೆಲಸ.”

“ಅರ್ಧ ಗಂಟೆ,” ಎಂದಳು ಅಕ್ಕ.

ಲೈನ್‌ಮನ್ ಸ್ಕ್ರೂಡ್ರೈವರ್ ಎತ್ತಿಕೊಂಡು ಮಣೆಯ ಹತ್ತಿರ ಹೋದ. ಅಕ್ಕ ಕೈ ಅಡ್ಡ ಹಿಡಿದಳು.

“ನೀನು ಮುಟ್ಟಬೇಡ. ಮೇಡಂ, ಹೇಗೆ ಅಂತ ತೋರಿಸಿ. ನಾನು ಮಾಡ್ತೀನಿ. ಓದಿ ಹೇಳಿದ್ದು ನಾನೇ ಅಲ್ವಾ?”

ಕನ್ನಡಕ ಹಾಕಿಕೊಂಡು ಅವಳು ಒಂದೊಂದೇ ಸ್ಕ್ರೂ ಸಡಿಲ ಮಾಡಿದಳು. ವೈರು ತೆಗೆದಳು, ಬದಲಾಯಿಸಿದಳು, ಬಿಗಿ ಮಾಡಿದಳು. ಒಮ್ಮೆ ಸ್ಕ್ರೂ ಕೈ ಜಾರಿ ನೆಲಕ್ಕೆ ಬಿತ್ತು. ಲೈನ್‌ಮನ್ ಹೆಕ್ಕಿ ಕೊಡಲು ಬಗ್ಗುವಷ್ಟರಲ್ಲಿ ಅವಳೇ ಕುರ್ಚಿ ಹಿಡಿದುಕೊಂಡು ಬಗ್ಗಿ, ತಡಕಾಡಿ ತೆಗೆದುಕೊಂಡಳು. ಅರ್ಧ ಗಂಟೆಯಲ್ಲ, ಒಂದೂವರೆ ಗಂಟೆಯಾಯಿತು. ಕಾರ್ಯದರ್ಶಿ ಮೂರು ಹಸಿರು ಚೀಟಿ ಅಂಟಿಸಿದರು. ಎಂಜಿನ್ ಬಿಟ್ಟು ನೋಡಿದರು. ಸಂದಿ ದಾಟಿ ಮಿಲ್ಲಿನ ಮುಂದೆ ಅದು ಸರಾಗವಾಗಿ ಹೋಯಿತು. ಅದು ಶೆಡ್ಡು ದಾಟುವವರೆಗೆ ಅಕ್ಕ ನೋಡಿದಳು. ಮೆಟ್ಟಿಲಿಳಿಯುವಾಗ ಅವನು ತೋಳು ನೀಡಿದ. ಅವಳು ಗೋಡೆ ಹಿಡಿದುಕೊಂಡು ಇಳಿದಳು.

ಭಾನುವಾರ ಬಂತು. ಹೋಗಲೋ ಬೇಡವೋ ಎಂದು ಮಧ್ಯಾಹ್ನದವರೆಗೂ ರೂಮಿನಲ್ಲೇ ಶತಪಥ ಹಾಕಿ, ಕೊನೆಗೆ ಹೋದ. ಅಕ್ಕ ಬಾಗಿಲು ತೆಗೆದಳು. ತಟ್ಟೆ ಇಟ್ಟಳು. ಬಡಿಸಿದಳು. ಎದುರಿಗೆ ಕೂರುವ ರೂಢಿ ಬಿಟ್ಟು, ಒಣಗಿದ ಬಟ್ಟೆ ಮಡಚುತ್ತ ನಿಂತಳು.

“ತಪ್ಪಾಯ್ತು ಅಕ್ಕ.”

“ನನಗ್ಯಾಕೆ ಹೇಳ್ತೀಯಾ? ಹೇಳಬೇಕಾದವರು ಇಲ್ಲ.”

“ಆಗಷ್ಟೇ ಸ್ವಲ್ಪ ಚೇತರಿಸ್ಕೊಂಡಿದ್ರು. ಹೇಳಿದ್ರೆ ಮತ್ತೆ ಕುಸಿದುಬಿಡ್ತಾರೇನೋ ಅಂತ…”

“ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು ಕಣೋ. ಅವರಿಗೆ ಅಳತೆ ತಪ್ಪೇ ಇಲ್ಲ ಅಂದ್ಕೊಂಡಿದ್ಯಾ? ಕೂರಿಸಿದ ಬಾಗಿಲು ಎಷ್ಟು ಸಲ ಬಿಚ್ಚಿ ಮತ್ತೆ ಕೂರಿಸಿಲ್ಲ? ಒಂದು ದಿನ ಬೇಜಾರು ಮಾಡ್ಕೊಳ್ತಿದ್ರು. ಮಾರನೇ ದಿನ ನನಗೆ ಬೈಕೊಂಡು ಸರಿ ಮಾಡ್ತಿದ್ರು. ಆಮೇಲೆ ನಿನ್ನ ಜೊತೆ ಆ ಮೇಜಿನ ಕೆಳಗೆ ಕೂತು ಹರಟೆ ಹೊಡೀತಿದ್ರು. ಅದನ್ನ ಅವರಿಗೆ ಸಿಗದ ಹಾಗೆ ಮಾಡಿಬಿಟ್ಟೆ.”

ಅವನು ತುತ್ತನ್ನು ತಟ್ಟೆಗೇ ಬಿಟ್ಟ. ನೀರು ಕುಡಿದ. ಬೇಕರಿಯವನಿಗೆ ಎರಡು ಸಲ ಮುಖಕ್ಕೆ ಹೇಳಿದ್ದೆನಲ್ಲ, ಅವನೇನು ಕುಸಿದುಬಿದ್ದನೇ ಎಂದು ತನ್ನಲ್ಲೇ ಕೇಳಿಕೊಂಡ. ಉತ್ತರ ಸಿಕ್ಕಿತು, ಅದು ಅವನಿಗೆ ಹಿಡಿಸಲಿಲ್ಲ. ಭಾವನನ್ನು ಅವನು ಒಂದು ದಿನವೂ ಬೇಕರಿಯವನಷ್ಟು ಗಟ್ಟಿ ಮನುಷ್ಯ ಎಂದುಕೊಂಡಿರಲಿಲ್ಲ. ಭಾವನಿಗೆ ಅದು ಗೊತ್ತಾಗಿತ್ತು. ಕಾರಣವನ್ನು ಮಾತ್ರ ಅವರು ಬೇರೆಯಾಗಿ ಊಹಿಸಿದ್ದರು.

ಅಕ್ಕ ಮಡಚಿದ ಟವೆಲ್ಲನ್ನು ಕಪಾಟಿನಲ್ಲಿಟ್ಟು ತಿರುಗಿದಳು. “ಹೀಗೆ ಮುಚ್ಚಿಟ್ಟಿದ್ದು ಇನ್ನೇನಾದ್ರೂ ಇದೆಯಾ?”

“ಇಲ್ಲ ಅಕ್ಕ.”

“ನನ್ನ ವಿಷಯದಲ್ಲಿ?”

“ನಿನ್ನಾಣೆಗೂ ಇಲ್ಲ.”

ಅವಳು ಅವನ ಮುಖವನ್ನು ನೋಡಿದಳು. ಬೈಯುವ ನೋಟವಲ್ಲ. ನಾಣ್ಯ ನಿಜವೋ ಖೋಟಾವೋ ಎಂದು ಬೆಳಕಿಗೆ ಹಿಡಿದು ನೋಡುವಂಥ ನೋಟ. ಆಮೇಲೆ “ಮಜ್ಜಿಗೆ ಬೇಕಾ?” ಎಂದು ಕೇಳಿ ಒಳಗೆ ಹೋದಳು.

ಪ್ರದರ್ಶನ ನಡೆಯಿತು, ಮೂರು ಮಣೆಗಳೂ ನಟ್ಟನಡುವೆ ಇದ್ದವು. ಅಕ್ಕ ಮಾತು ಬಿಡಲಿಲ್ಲ, ಭಾನುವಾರದ ಊಟ ತಪ್ಪಿಸಲಿಲ್ಲ, ಆ ವಿಷಯ ಮತ್ತೆ ಎತ್ತಲೂ ಇಲ್ಲ. ಆದರೆ ಬಸ್ಸು ತಡವಾಯಿತು ಎಂದರೂ ಸರಿ, ಮೊಣಕಾಲು ಈಗ ವಾಸಿ ಎಂದರೂ ಸರಿ, ಊಟ ಚೆನ್ನಾಗಿದೆ ಎಂದರೂ ಸರಿ, ಅವಳು ಒಂದು ಕ್ಷಣ ತಡೆದು ಅವನ ಮುಖ ನೋಡುತ್ತಾಳೆ. ಆಮೇಲೆ ಹೂಂ ಎನ್ನುತ್ತಾಳೆ.